ಮೂರನೇ ಗೂಡಿನ ಕಾಗದ

ಜನವರಿ 9

ಪ್ರಶ್ನೆಪುಟ್ಟಿಗೆ ಅಪ್ಪನ ಆಶೀರ್ವಾದ.

ನಾನೂ ನಿನ್ನಕ್ಕನೂ ಇದ್ದೇವೆ. ಚೆನ್ನಾಗಿದ್ದೇವೆ ಅಂತ ಬರೆದರೆ ನೀನು ‘ಚೆನ್ನಾಗಿ ಅಂದರೆ ಎಷ್ಟು, ಹತ್ತರಲ್ಲಿ ಹೇಳಿ’ ಅನ್ನುವವಳು. ಆರು ಅಂತ ಇಟ್ಟುಕೋ. ಫೋನ್ ಮಾಡಿದರೆ ಹ್ಞೂಂಗುಟ್ಟುವುದು ಬಿಟ್ಟು ನಿನ್ನ ಬಾಯಿಂದ ಬೇರೇನೂ ಬರುವುದಿಲ್ಲ, ಅದಕ್ಕೇ ಈ ಕಾಗದ. ಮೂವತ್ತನಾಲ್ಕು ವರ್ಷ ಊರವರ ಕಾಗದ ವಿಂಗಡಿಸಿದವನು ತನ್ನದೊಂದು ಬರೆದರೆ ತಪ್ಪಿಲ್ಲ.

ವಿಷಯ ಏನೆಂದರೆ, ಮೊನ್ನೆ ನಿವೃತ್ತ ಅಂಚೆ ನೌಕರರ ಸಂಘದಲ್ಲಿ ಕಾರ್ಯದರ್ಶಿ ಎಲ್ಲರಿಗೂ ಒಂದೊಂದು ಪ್ರಶ್ನಾವಳಿ ಹಂಚಿದ. ಕೆಳಗೆ ನಿನ್ನ ಸಹಿ. ‘ನನ್ನ ಮಗಳು’ ಅಂತ ಅಕ್ಕಪಕ್ಕದವರಿಗೆಲ್ಲ ತೋರಿಸಿದೆ. ಆಮೇಲೆ ಪ್ರಶ್ನೆ ಓದಿದರು ನೋಡು: ‘ಕೆಲಸದಲ್ಲಿದ್ದಾಗ, ತಪ್ಪೆಂದು ಗೊತ್ತಿದ್ದೂ ನೀವು ಮಾಡಿದ ಒಂದು ಕೆಲಸವನ್ನು ಬರೆಯಿರಿ. ಏಕೆ ಮಾಡಿದಿರಿ? ಈಗ ಏನನ್ನಿಸುತ್ತದೆ?’ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಇಡೀ ಸಭೆಯೇ ಹೆಗಲು ಮುಟ್ಟಿಕೊಂಡಿತು. ಸ್ಟಾಂಪ್ ಕೌಂಟರಿನಲ್ಲಿದ್ದ ಗೆಳೆಯ, “ಏನ್ರೀ, ನಿಮ್ಮ ಮಗಳಿಗೆ ಬೇರೆ ಕೆಲಸ ಇಲ್ವಾ?” ಎಂದ. ನಗಾಡಿದೆವು. ಆದರೂ ಎಲ್ಲರೂ ಹಾಳೆಯನ್ನು ಮಡಿಸಿ ಜೇಬಿಗೆ ಹಾಕಿಕೊಂಡೇ ಹೋದರು.

ಇವನ್ನೆಲ್ಲ ಓದುವವರು ಯಾರು? ನೀನೇ ಓದುತ್ತೀಯಾ ಅಥವಾ ಯಂತ್ರ ಓದುತ್ತದೆಯಾ? ಅಪ್ಪಂದಿರು ತುಂಬಬಾರದು ಅಂತ ಎಲ್ಲೂ ಅಚ್ಚಾಗಿಲ್ಲ. ಕೇಳೋಣ ಅನ್ನಿಸಿತು.

ಅಕ್ಕನಿಗೆ ಭುಜದ ನೋವು. ದಿನಕ್ಕೆ ಎಂಟು ಗಂಟೆ ಗಾರ್ಮೆಂಟ್ಸ್ ಕಾರ್ಖಾನೆಯ ಕಟಿಂಗ್ ಟೇಬಲ್ಲಿನ ಮುಂದೆ ನಿಂತು ಕತ್ತರಿ ಆಡಿಸುವವಳಿಗೆ ಇನ್ನೇನಾಗುತ್ತದೆ! ಡಾಕ್ಟರ ಹತ್ತಿರ ಹೋಗು ಅಂದರೆ, “ಅವರೂ ಕತ್ತರಿ ಹಿಡ್ಕೊಂಡೇ ಕೂತಿರ್ತಾರೆ” ಅನ್ನುತ್ತಾಳೆ.

ನಿನ್ನ ಅಪ್ಪ


ಜನವರಿ 20

ಅಪ್ಪಾ,

ನಿಮ್ಮ ಕಾಗದ ಬಂದು ಒಂಬತ್ತು ದಿನವಾಯಿತು. ಒಂದು ಸಾಲು ಬರೆಯಲೂ ತ್ರಾಣವಿರಲಿಲ್ಲ, ಬೇಸರಿಸಿಕೊಳ್ಳಬೇಡಿ.

ಓದುವುದು ನಾನೇ. ನಾನು ಮತ್ತು ಇನ್ನೊಬ್ಬರು. ನಮ್ಮ ಮನಃಶಾಸ್ತ್ರ ಅಧ್ಯಯನದ ಕ್ರಮ ಹೇಳುತ್ತೇನೆ ಕೇಳಿ. ನರ್ಸುಗಳು, ಬಸ್ಸು ಚಾಲಕರು, ಅಂಚೆಯವರು, ಅಂದರೆ ಜನ ಕಣ್ಣು ಮುಚ್ಚಿ ನಂಬುವ ಕೆಲಸ ಮಾಡಿ ನಿವೃತ್ತರಾದವರಿಗೆ ಈ ಪ್ರಶ್ನಾವಳಿ ಹೋಗಿದೆ. ಹೆಸರು, ಊರು ಬರೆಯುವಂತಿಲ್ಲ. ಬಂದದ್ದನ್ನು ಟೈಪಿಸ್ಟ್ ಟೈಪ್ ಮಾಡುತ್ತಾಳೆ, ಕೈಬರಹ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಇಬ್ಬರೂ ಬೇರೆ ಬೇರೆ ಕೂತು ಓದಿ, ಆ ಮನುಷ್ಯ ಯಾವ ಕಾರಣಕ್ಕೆ ಹಾಗೆ ಮಾಡಿದ ಎಂದು ಒಂದು ಅಂಕಿ ಹಾಕಬೇಕು. ಭಯಕ್ಕೆ ಒಂದು. ಸ್ವಂತ ಅನುಕೂಲಕ್ಕೆ ಎರಡು. ಇನ್ನೊಬ್ಬರ ಒಳ್ಳೆಯದಕ್ಕೆ ಮೂರು. ಮೇಲಿನವರ ಮಾತು ಮೀರಲಾಗದೆ ಮಾಡಿದ್ದಕ್ಕೆ ನಾಲ್ಕು. ಇಬ್ಬರ ಅಂಕಿ ಹೊಂದದಿದ್ದರೆ ಮಾತ್ರ ಎದುರುಬದುರು ಕೂತು ಚರ್ಚೆ.

ಎರಡನೇ ಓದುಗರು ಒಬ್ಬ ನಿವೃತ್ತ ಶಾಲಾ ಮೇಷ್ಟ್ರು. ಜನ್ಮವಿಡೀ ಮಕ್ಕಳ ಪೇಪರ್ ತಿದ್ದಿದವರು, ಯಾರನ್ನೂ ಫೇಲ್ ಮಾಡುವ ಮನಸ್ಸೇ ಇಲ್ಲ. ಎಲ್ಲರಿಗೂ ಮೂರು ಹಾಕುತ್ತಾರೆ.

ನೀವು ತುಂಬಬೇಡಿ. ಮನೆಯವರು ತುಂಬಬಾರದೆಂದು ಅಚ್ಚು ಹಾಕಿಸಬೇಕಿತ್ತು, ಮರೆತೆ. ಮತ್ತೆ ನಿಮ್ಮ ಹತ್ತಿರ ಬರೆಯುವಂಥದ್ದು ಏನಿದೆ? ಅಂಟು ಬಿಟ್ಟ ಸ್ಟಾಂಪನ್ನು ಉಗುಳು ಹಚ್ಚಿ ಅಂಟಿಸಿದ್ದೆ ಅಂತ ಬರೆಯುತ್ತೀರಿ, ಅಷ್ಟೇ.

ಅಕ್ಕನಿಗೆ ಬಿಸಿನೀರಿನ ಶಾಖ ಕೊಡಲು ಹೇಳಿ.

ನಿಮ್ಮ ಚಿಕ್ಕ ಮಗಳು


ಫೆಬ್ರವರಿ 17

ಪುಟ್ಟೀ,

ಆಗಲಿ. ನೀನು ಹೇಳಿದ ಮೇಲೆ ಮುಗಿಯಿತು.

ಸಂಘದ ಕಟ್ಟು ನಿನಗೆ ತಲುಪಿತಾ? ಮೂವತ್ತೊಂದು ಲಕೋಟೆ ಇದ್ದವು. ದಾರ ಸಡಿಲವಾಗಿತ್ತು, ನಾನೇ ಬಿಗಿದು ಕಟ್ಟಿ ಕಳಿಸಿದೆ. ತಲುಪಿದ ಮೇಲೆ ಓದಲು ಎಷ್ಟು ದಿನ ಹಿಡಿಯುತ್ತದೆ? ನೀನು ಪೂರ್ತಿ ಓದುತ್ತೀಯಾ ಅಥವಾ ಮೊದಲ ನಾಲ್ಕು ಸಾಲು ಓದಿ ಬಿಡುತ್ತೀಯಾ? ಕೆಲವರಿಗೆ ಮಾತು ಕೊನೆಯಲ್ಲಿ ಬರುತ್ತದೆ.

ಅಕ್ಕನಿಗೆ ಕಿಟಕಿ ಪಕ್ಕದ ಟೇಬಲ್ ಸಿಕ್ಕಿತು. ಈಗ ಅವಳೇ ಕಟಿಂಗ್ ಮಾಸ್ಟರ್. ಗಂಡಸರೆಲ್ಲ ಮೊದಲೆರಡು ದಿನ ಮುಖ ಗಂಟು ಹಾಕಿಕೊಂಡಿದ್ದರಂತೆ. ಬಟ್ಟೆಯ ಮೇಲೆ ಇವಳು ಸೀಮೆಸುಣ್ಣದಲ್ಲಿ ಗೆರೆ ಎಳೆದದ್ದು ನೋಡಿ ಮೂರನೇ ದಿನ ಬಾಯಿ ಮುಚ್ಚಿದರು.

ಹೋದ ವಾರ ನಮ್ಮ ಬೀದಿಗೆ ಹೊಸ ಪೋಸ್ಟ್‌ಮ್ಯಾನ್ ಬಂದ. ಮನೆ ನಂಬರುಗಳು ಅಡ್ಡಾದಿಡ್ಡಿ, ಅವನಿಗೆ ತಲೆ ಕೆಟ್ಟುಹೋಗಿತ್ತು. ಅಕ್ಕ ಹಳೇ ಕ್ಯಾಲೆಂಡರಿನ ಹಿಂದೆ ಇಡೀ ಬಡಾವಣೆಯ ನಕ್ಷೆ ಬರೆದು ಕೊಟ್ಟಳು. ಸ್ಕೇಲಿಲ್ಲದೆ, ಕಾಲು ಗಂಟೆಯಲ್ಲಿ. ಅವನು ಕೈಮುಗಿದು, “ಎಲ್ಲಿ ಕಲ್ತಿರಿ ಅಕ್ಕಾ?” ಎಂದ. “ಎಲ್ಲೂ ಇಲ್ಲಪ್ಪ, ಸುಮ್ನೆ ಬರುತ್ತೆ” ಎಂದಳು. ನಾನು ಒಳಗೆ ಹೋಗಿ ಕೂತೆ.

ಬೇಗ ಬರೆ.

ನಿನ್ನ ಅಪ್ಪ


ಮಾರ್ಚ್ 28

ಅಪ್ಪಾ,

ಒಟ್ಟು ಆರುನೂರ ಹನ್ನೊಂದು ಬಂದಿವೆ. ದಿನಕ್ಕೆ ನಲವತ್ತು ಓದುತ್ತೇನೆ. ನನ್ನ ಕೋಣೆಗೆ ಕಿಟಕಿಯಿಲ್ಲ, ಟ್ಯೂಬ್‌ಲೈಟ್ ಮಿಣುಕುತ್ತದೆ, ಬದಲಿಸುವವರಿಗೆ ಮೂರು ಸಲ ಬರೆದು ಕೊಟ್ಟಾಯಿತು. ಮಧ್ಯಾಹ್ನದ ಹೊತ್ತಿಗೆ ಪಾಪಗಳೆಲ್ಲ ಒಂದೇ ಥರ ಕಾಣತೊಡಗುತ್ತವೆ.

ಜನರ ಒಳಮನಸ್ಸು ಅಂತ ಎಷ್ಟು ಆಸೆಯಿಂದ ಈ ಶಾಸ್ತ್ರ ಹಿಡಿದಿದ್ದೆ. ಈಗ ನೋಡಿದರೆ ಎಲ್ಲರೂ ಬರೆಯುವುದು ಒಂದೇ ಮಾತು: ಮನೆಯವರಿಗೋಸ್ಕರ ಮಾಡಿದೆ. ಡ್ಯೂಟಿಯಲ್ಲಿ ನಿದ್ದೆ ಮಾಡಿದವರೂ ಮನೆಯವರಿಗೋಸ್ಕರ, ಸುಳ್ಳು ಸಹಿ ಹಾಕಿದವರೂ ಮನೆಯವರಿಗೋಸ್ಕರ. ಮೊದಮೊದಲು ಮೂರು ಹಾಕುತ್ತಿದ್ದೆ. ಈಗ ‘ಮನೆಯವರಿಗೋಸ್ಕರ’ ಅಂತ ಕಣ್ಣಿಗೆ ಬಿದ್ದರೆ ಸಾಕು, ಎರಡು ಹಾಕಿ ಮುಂದಿನ ಹಾಳೆ ತೆಗೆಯುತ್ತೇನೆ. ತಮಗೆ ಅನುಕೂಲವಾದದ್ದನ್ನು ಮಾಡಿ ಹೆಂಡತಿ ಮಕ್ಕಳ ಹೆಸರು ಹೇಳುತ್ತಾರೆ. ಮೇಷ್ಟ್ರು ನನಗೆ ಕಲ್ಲು ಮನಸ್ಸು ಅನ್ನುತ್ತಾರೆ. ಇರಬಹುದು, ನಲವತ್ತು ಓದಿದ ಮೇಲೆ ಯಾರಿಗಾದರೂ ಹಾಗೇ ಆಗುತ್ತದೆ.

ನಿಮ್ಮ ಸಂಘದ್ದು ಯಾವುದು ಅಂತ ನನಗೆ ತಿಳಿಯುವುದಿಲ್ಲ, ಎಲ್ಲ ಕಲೆಸಿ ಕೊಡುತ್ತಾರೆ. ಯಾಕೆ ಅಷ್ಟು ಕೇಳುತ್ತಿದ್ದೀರಿ? ಸ್ಟಾಂಪ್ ಕೌಂಟರಿನವರಿಗೆ ಹೆದರಿಕೆಯಾ?

ಅಕ್ಕನಿಗೆ ನನ್ನ ಶಾಭಾಸ್ ಹೇಳಿ.

ನಿಮ್ಮ ಚಿಕ್ಕವಳು


ಏಪ್ರಿಲ್ 15

ಪುಟ್ಟೀ,

ನಿನ್ನ ಕಾಗದ ತಲುಪಿತು. ಎರಡು ಸಲ ಓದಿದೆ.

ನೀನು ಓದಿದವಳು, ನೀನು ಹಾಕಿದ ಅಂಕಿ ಸರಿಯೇ ಇರಬೇಕು. ಒಂದೇ ಒಂದು ಕೇಳುತ್ತೇನೆ. ಒಬ್ಬ ಮನುಷ್ಯ ಆ ಗಳಿಗೆಯಲ್ಲಿ ಮೂರು ಅಂದುಕೊಂಡೇ ಮಾಡಿರುತ್ತಾನೆ. ವರ್ಷಗಟ್ಟಲೆ ತಿರುವಿ ತಿರುವಿ ನೋಡಿದ ಮೇಲೆ ಅದು ಎರಡು ಅಂತ ಅವನಿಗೇ ಅನ್ನಿಸತೊಡಗುತ್ತದೆ. ನಿಮ್ಮ ಪಟ್ಟಿಯಲ್ಲಿ ಅದಕ್ಕೇನಾದರೂ ಅಂಕಿ ಇದೆಯಾ?

ಕೆಲಸದ ನಡುವೆ ಉತ್ತರ ಬರೆಯಬೇಕಾಗಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು.

ಅಪ್ಪ


ಜುಲೈ 2

ಅಪ್ಪಾ,

ಏಪ್ರಿಲ್‌ನಿಂದ ನೀವು ಬರೆದಿಲ್ಲ, ನಾನೂ ಬರೆದಿಲ್ಲ. ಜೂನ್‌ನಲ್ಲಿ ಎರಡು ದಿನ ಮನೆಗೆ ಬಂದಿದ್ದಾಗಲೂ ನಾವಿಬ್ಬರೂ ನೀರಿನ ಪೈಪು ಸೋರುವ ವಿಷಯ ಬಿಟ್ಟು ಬೇರೇನೂ ಮಾತಾಡಲಿಲ್ಲ. ಇವತ್ತು ಬರೆದುಬಿಡುತ್ತೇನೆ.

ಮೇ ಮೊದಲ ವಾರ ನಾನೂ ಮೇಷ್ಟ್ರೂ ಅಂಕಿ ಹೊಂದದ ಹಾಳೆಗಳನ್ನು ಇಟ್ಟುಕೊಂಡು ಕೂತೆವು. ಮುನ್ನೂರ ಎಂಬತ್ತೆಂಟನೆಯದಕ್ಕೆ ನನ್ನದು ಎರಡು, ಅವರದು ಮೂರು. ನನಗೆ ಆ ಹಾಳೆಯ ನೆನಪೇ ಇರಲಿಲ್ಲ. ಅಂಚಿನಲ್ಲಿ ನನ್ನದೇ ಅಕ್ಷರದಲ್ಲಿ ‘ಅದೇ ರಾಗ’ ಅಂತ ಗೀಚಿದ್ದೆ. ಮೇಷ್ಟ್ರು, “ನೀವು ಇದನ್ನ ಓದಿಲ್ಲಮ್ಮ. ಕೇಳಿ, ನಾನು ಓದ್ತೀನಿ” ಎಂದು ಗಟ್ಟಿಯಾಗಿ ಓದತೊಡಗಿದರು.

‘ನಾನು ಕಾಗದ ವಿಂಗಡಿಸುವ ಕೆಲಸದಲ್ಲಿದ್ದೆ. ನನ್ನ ಹೆಂಡತಿ ಮೆಟ್ಟಿಲಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ತಪ್ಪಿತ್ತು. ಹೊರಳಿಸಲೂ ಒಬ್ಬರು ಬೇಕು. ಕಿರಿಯವಳಿಗೆ ಒಂಬತ್ತು ವರ್ಷ. ಹಿರಿಯವಳು ಹದಿನೆಂಟು ತುಂಬಿದವಳು, ದೂರದ ಊರಿನ ನಕ್ಷೆ ಬರೆಯುವ ತರಬೇತಿ ಶಾಲೆಗೆ ಅರ್ಜಿ ಹಾಕಿದ್ದಳು. ಒಂದು ದಿನ ವಿಂಗಡಿಸುವ ಕಪಾಟಿನಲ್ಲಿ ನಮ್ಮ ಬೀದಿಯ ಗೂಡಿನಲ್ಲಿ, ಬಲಗೈ ಕಡೆಯ ಮೂರನೆಯದರಲ್ಲಿ, ಅವಳ ಹೆಸರಿನ ಲಕೋಟೆ ಹಾಕಲು ಹೋದವನು ಹಾಕಲಿಲ್ಲ. ಒಡೆದು ಓದಿದೆ. ಸೀಟು ಸಿಕ್ಕಿತ್ತು. ಹರಿದು, ವಿಳಾಸ ಸಿಗದ ಕಾಗದಗಳ ಚೀಲಕ್ಕೆ ಹಾಕಿದೆ. ಮೂರು ವಾರ ಅವಳು ದಿನಾ ಸಂಜೆ ಬಾಗಿಲಲ್ಲಿ ನಿಂತು ‘ಏನಾದ್ರೂ ಬಂತಾ ಅಪ್ಪಾ?’ ಎಂದು ಕೇಳಿದಳು. ಇಲ್ಲ ಎಂದೆ. ನಾಲ್ಕನೇ ವಾರದಿಂದ ಕೇಳುವುದು ಬಿಟ್ಟಳು. ಇಡೀ ಸೇವೆಯಲ್ಲಿ ನಾನು ತಲುಪಿಸದ ಕಾಗದ ಅದೊಂದೇ. ಮನೆಯವರಿಗೋಸ್ಕರ ಮಾಡಿದೆ. ಅವಳೂ ಮನೆಯವಳೇ ಅನ್ನುವುದು ಆಮೇಲೆ ಹೊಳೆಯಿತು.’

ಒಂಬತ್ತು ವರ್ಷ ಅಂದಾಗಲೇ ನಾನು ಪೆನ್ನು ಕೆಳಗಿಟ್ಟಿದ್ದೆ. ನೀವು ತುಂಬುವುದಿಲ್ಲ ಅಂದಿದ್ದಿರಿ, ಅದನ್ನೇ ನಂಬಿಕೊಂಡು ಬೇರೆ ಯಾರೋ ಇರಬೇಕು ಎಂದುಕೊಂಡೆ. ಮೂರನೇ ಗೂಡು ಅಂದಾಗ ಆ ಆಸೆಯೂ ಹೋಯಿತು. ಚಿಕ್ಕಂದಿನಲ್ಲಿ ನನ್ನನ್ನು ಎತ್ತಿ ಹಿಡಿದು ‘ಇದೇ ನೋಡು ನಮ್ಮ ಬೀದಿ’ ಅಂತ ತೋರಿಸಿದ್ದು ನೀವೇ.

ಮೇಷ್ಟ್ರು ಕನ್ನಡಕ ಒರೆಸಿಕೊಂಡು, “ಇದಕ್ಕೂ ಎರಡಾ?” ಎಂದರು. ನಾನು ಎರಡೇ ಎಂದೆ. ಅವರು ತಲೆಯಾಡಿಸಿ, “ಪಾಪ, ಯಾರದೋ ಮನೆ” ಎಂದು ಎದ್ದುಹೋದರು. ಆ ಹಾಳೆಯನ್ನು ಅಧ್ಯಯನದಿಂದ ತೆಗೆದುಹಾಕಿದೆ. ಕಾರಣ ಬರೆಯುವ ಜಾಗದಲ್ಲಿ ‘ಓದುಗರ ಬಂಧು’ ಎಂದು ಬರೆಯಬೇಕಿತ್ತು, ‘ಅಸ್ಪಷ್ಟ’ ಎಂದು ಬರೆದೆ.

ಆಮೇಲೆ ಎರಡು ತಿಂಗಳು ಬಾಯಲ್ಲಿ ಬಿಸಿತುಪ್ಪ. ತುಂಬಿದವರು ಯಾರೆಂದು ತಿಳಿದರೂ ಬಾಯಿ ಬಿಡಬಾರದು ಅನ್ನುವುದು ನಮ್ಮ ನಿಯಮ. ಆ ನಿಯಮವನ್ನು ಹೊದ್ದುಕೊಂಡು ಮಲಗಿದೆ. ಜೂನ್‌ನಲ್ಲಿ ಅಕ್ಕನ ಪಕ್ಕದಲ್ಲೇ ಮಲಗಿದ್ದಾಗಲೂ ಅದನ್ನೇ ಹೊದ್ದುಕೊಂಡಿದ್ದೆ. ಊರವರ ಮನಸ್ಸನ್ನು ಅಳೆಯುವವಳು ನಾನು, ದೀಪದ ಬುಡದಲ್ಲೇ ಕತ್ತಲೆ. ಅಮ್ಮ ತೀರಿಕೊಳ್ಳುವವರೆಗೆ ಅಕ್ಕ ಅವಳನ್ನು ಹೊರಳಿಸುತ್ತಿದ್ದ ಆರು ವರ್ಷ ನಾನು ಪಕ್ಕದ ಕೋಣೆಯಲ್ಲಿ ಓದುತ್ತಿದ್ದೆ. ಆ ಕಾಗದ ತಲುಪಿದ್ದರೆ ನಾನು ಓದುತ್ತಿರಲಿಲ್ಲ. ಬಾಯಿ ಬಿಟ್ಟರೆ ನನ್ನ ಓದಿನ ಲೆಕ್ಕವೂ ಹೊರಗೆ ಬರುತ್ತದೆ ಅನ್ನುವ ಭಯ ನನಗೆ, ನಿಯಮದ ಗೌರವ ಅಲ್ಲ.

ನಾನು ನೋಡಲಿ ಅಂತಲೇ ನೀವು ಬರೆದಿರಿ, ಅಲ್ಲವಾ? ನೋಡಿದೆ. ನೀವೆಂದು ಗೊತ್ತಿಲ್ಲದೆಯೂ ಎರಡು ಹಾಕಿದೆ, ಗೊತ್ತಾದ ಮೇಲೂ ಎರಡೇ ಹಾಕುತ್ತೇನೆ. ಅದಕ್ಕಾಗಿ ಅತ್ತಿದ್ದೇನೆ ಕೂಡ. ಅಕ್ಕನಿಗೆ ಹೇಳಿ ಅಪ್ಪಾ. ನಾನು ಹೇಳಬಾರದು, ಅದು ನಿಮ್ಮ ಕೈಯಿಂದಲೇ ಅವಳಿಗೆ ಸೇರಬೇಕು.

ನಿಮ್ಮ ಚಿಕ್ಕವಳು


ಜುಲೈ 19

ಮಗಳೇ,

ಹೌದು, ನೀನು ನೋಡಲಿ ಅಂತಲೇ ಬರೆದೆ. ಎದುರಿಗೆ ಕೂತು ಹೇಳುವ ಧೈರ್ಯವಿಲ್ಲದವನಿಗೆ ನಿನ್ನ ಪ್ರಶ್ನಾವಳಿ ಸಿಕ್ಕಿತು. ಹೆಸರಿಲ್ಲದೆ ಬರೆದರೂ ನನ್ನ ಮಗಳಿಗೆ ಅಪ್ಪನ ಗುರುತು ಹತ್ತುತ್ತದೆ ಎಂದುಕೊಂಡೆ. ಟೈಪ್ ಆಗಿಬಿಟ್ಟರೆ ಅಪ್ಪನೂ ಎಲ್ಲರಂತೆಯೇ ಕಾಣುತ್ತಾನೆ ಅಂತ ಹೊಳೆಯಲಿಲ್ಲ.

ಹೇಳಿ ಅನ್ನುತ್ತೀಯ. ಈ ವಾರ ನಾಲ್ಕು ಸಲ ಹೇಳಲು ಕೂತೆ. ಒಂದು ಸಲ ಕುಕ್ಕರ್ ಕೂಗಿತು. ಒಂದು ಸಲ ಅವಳೇ, “ಏನಪ್ಪಾ, ಕನ್ನಡಕ ಹುಡುಕ್ತಿದೀರಾ? ತಲೆ ಮೇಲೇ ಇದೆಯಲ್ಲ” ಎಂದಳು. ಇನ್ನೆರಡು ಸಲ ಯಾರೂ ತಡೆಯಲಿಲ್ಲ, ಸುಮ್ಮನೆ ಎದ್ದುಬಂದೆ.

ನಿನ್ನನ್ನು ಒಂದು ಕೇಳಲೇಬೇಕು, ಸಿಟ್ಟಾಗಬೇಡ. ಅವಳಿಗೆ ನಲವತ್ತನಾಲ್ಕಾಯಿತು. ಈ ವರ್ಷವಷ್ಟೇ ಕಿಟಕಿ ಪಕ್ಕದ ಟೇಬಲ್ ಸಿಕ್ಕಿದೆ, ಅದರಲ್ಲಿ ಖುಷಿಯಾಗಿದ್ದಾಳೆ. ಈಗ ಹೋಗಿ ಹೇಳುವುದು ಯಾರಿಗೋಸ್ಕರ? ಅವಳಿಗೋಸ್ಕರವಾ, ಅಥವಾ ನನ್ನ ಎದೆಯ ಭಾರ ಇಳಿಯಲಿ, ನಿನ್ನ ನಿದ್ದೆ ನಿನಗೆ ಸಿಗಲಿ ಅಂತಲಾ? ಅದಕ್ಕೆ ಯಾವ ಅಂಕಿ ಹಾಕುತ್ತೀಯ? ನನಗೆ ನಿಜಕ್ಕೂ ತಿಳಿಯುತ್ತಿಲ್ಲ. ತಪ್ಪು ಮಾಡುವಾಗ ಕಾರಣ ಎಷ್ಟು ಚೆನ್ನಾಗಿ ಗೊತ್ತಿತ್ತು.

ಸುಸ್ತಾಗಿದೆ ಪುಟ್ಟೀ. ಆದರೂ ಹೇಳುತ್ತೇನೆ. ಮುಂದಿನ ಕಾಗದ ನನ್ನಿಂದ ಬರುತ್ತದೋ ಅವಳಿಂದಲೋ ನೋಡು.

ಅಪ್ಪ


ಆಗಸ್ಟ್ 24

ಕೂಸೇ,

ಕಟಿಂಗ್ ಪೇಪರಿನ ಮೇಲೆ ಬರೆಯುತ್ತಿದ್ದೇನೆ, ಮನೆಯಲ್ಲಿ ಬೇರೆ ಹಾಳೆ ಇಲ್ಲ. ಅಪ್ಪನ ಪೆಟ್ಟಿಗೆಯಲ್ಲಿವೆ, ಕೇಳಲು ಇಷ್ಟವಿಲ್ಲ.

ಅಪ್ಪ ಹೇಳಿದರು. ಈ ತಿಂಗಳ ಮೊದಲ ಭಾನುವಾರ, ನಾನು ಕತ್ತರಿ ಸಾಣೆ ಹಿಡಿಯುತ್ತಿದ್ದಾಗ ಬಂದು ಎದುರಿಗೆ ನಿಂತರು. ಕೂತ್ಕೊಳ್ಳಿ ಎಂದರೂ ಕೂರಲಿಲ್ಲ. ಮುಖ ನೋಡಿ, ಏನೋ ದೊಡ್ಡ ಕಾಯಿಲೆ, ಡಾಕ್ಟರು ತಿಂಗಳು ಎಣಿಸಿ ಕೊಟ್ಟಿದ್ದಾರೆ ಎಂದುಕೊಂಡೆ. ಅದಲ್ಲ ಎಂದು ತಿಳಿದ ಕೂಡಲೇ ಮೊದಲು ಸಮಾಧಾನವೇ ಆಯಿತು, ನಗು ಬಂತು. ಅಪ್ಪ ಹೇಳಿದ್ದು ಏನು ಅನ್ನುವುದು ಆಮೇಲೆ ತಲೆಗೆ ಹತ್ತಿತು.

ಹನ್ನೆರಡು ದಿನ ಮಾತಾಡಲಿಲ್ಲ. ಬೇಯಿಸಿ ಹಾಕಿದೆ, ಔಷಧ ಎಣಿಸಿ ಇಟ್ಟೆ, ಬಟ್ಟೆ ಒಗೆದೆ. ಎಲ್ಲ ಮಾಡುವಾಗಲೂ ಪಾತ್ರೆ ಸ್ವಲ್ಪ ಜೋರಾಗಿಯೇ ಕುಕ್ಕಿದೆ. ಸಿಟ್ಟು ಬಂದಿದೆ ಕಣೇ. ಇಳಿದಿದೆ ಅಂತ ತಿಳಿಯಬೇಡ.

ನಿನ್ನ ಮೇಲೂ ಇದೆ. ಮೇ ತಿಂಗಳಿಂದ ಗೊತ್ತಿತ್ತಂತೆ. ಜೂನ್‌ನಲ್ಲಿ ಬಂದವಳು ನನ್ನ ದಿಂಬಿನ ಮೇಲೇ ತಲೆಯಿಟ್ಟು, ‘ಅಕ್ಕಾ, ನಿನ್ನ ಭುಜ ಹೇಗಿದೆ’ ಎಂದು ಕೇಳಿದ್ದೆ. ಭುಜ ಚೆನ್ನಾಗಿದೆ. ಅಪ್ಪ ಇಪ್ಪತ್ತಾರು ವರ್ಷ ಇಟ್ಟುಕೊಂಡರು, ನೀನು ಎರಡು ತಿಂಗಳು. ಓದಿದವರು ಯಾವಾಗಲೂ ಚುರುಕು.

ನಿಮ್ಮ ಅಂಕಿಗಳ ಕಥೆಯನ್ನೂ ಹೇಳಿದರು. ನಿನ್ನದು ಎರಡಂತೆ, ಯಾರೋ ಮೇಷ್ಟ್ರದು ಮೂರಂತೆ. ನಿಮ್ಮ ಆಫೀಸಿನಲ್ಲಿ ಇಬ್ಬರೇ ಓದುವುದಂತೆ. ಸೀಟು ನನ್ನದು, ನನ್ನನ್ನು ಅವತ್ತೂ ಯಾರೂ ಕೇಳಲಿಲ್ಲ, ಈಗಲೂ ಕೇಳಲಿಲ್ಲ.

ಕೇಳಿದ್ದರೆ ಹೇಳುತ್ತಿದ್ದೆ. ಆ ಕಾಗದ ಕೈಗೆ ಕೊಟ್ಟು, ‘ನೋಡು ಮಗಾ, ಮನೆ ಪರಿಸ್ಥಿತಿ ಹೀಗಿದೆ’ ಅಂದಿದ್ದರೆ ನಾನು ಹೋಗುತ್ತಿರಲಿಲ್ಲ. ಅಮ್ಮನನ್ನು ಬಿಟ್ಟು ಎಲ್ಲಿಗೆ ಹೋಗಲಿ? ಹೋಗುತ್ತಿರಲಿಲ್ಲವೇನೋ. ಆ ‘ಏನೋ’ ನನ್ನದಾಗಿತ್ತು ಕೂಸೇ. ಅದನ್ನು ನಾನೇ ಬಿಟ್ಟುಕೊಡಬೇಕಿತ್ತು. ಹಾಗೆ ಬಿಟ್ಟುಕೊಟ್ಟಿದ್ದರೆ ಅಮ್ಮನನ್ನು ಹೊರಳಿಸುವಾಗ ಕೈ ಇಷ್ಟು ಭಾರವಾಗುತ್ತಿರಲಿಲ್ಲ. ಅರ್ಜಿಯ ಜೊತೆ ಒಂದು ಮಾದರಿ ನಕ್ಷೆ ಬರೆದು ಕಳಿಸಬೇಕಿತ್ತು. ನಮ್ಮ ಹಳೆಯ ಬಡಾವಣೆಯದೇ ಬರೆದಿದ್ದೆ, ಏಳು ದಿನ ಕೂತು. ಉತ್ತರ ಬರದಿದ್ದಾಗ ಸೊಟ್ಟಗಿತ್ತೇನೋ ಎಂದುಕೊಂಡೆ. ಬಟ್ಟೆಯ ಮೇಲೆ ಗೆರೆ ಎಳೆಯುವಾಗಲೆಲ್ಲ, ಇದು ಇವರಿಗೆ ಸಾಲುತ್ತದೆ, ಅಲ್ಲಿಯವರಿಗೆ ಸಾಲಲಿಲ್ಲ ಎಂದುಕೊಂಡೇ ಎಳೆದಿದ್ದೇನೆ. ಪೋಸ್ಟ್‌ಮ್ಯಾನ್ ಕೈಮುಗಿದಾಗಲೂ ಅದನ್ನೇ ಅಂದುಕೊಂಡೆ. ಇದಕ್ಕೆ ನಿನ್ನ ಪಟ್ಟಿಯಲ್ಲಿ ಅಂಕಿ ಹುಡುಕಬೇಡ.

ಅಪ್ಪನನ್ನು ಬಿಟ್ಟು ಎಲ್ಲಿಗೂ ಹೋಗುತ್ತಿಲ್ಲ, ಗಾಬರಿಯಾಗಬೇಡ. ಕ್ಷಮಿಸಿದೆ ಅಂತಲೂ ಬರೆಯುವುದಿಲ್ಲ, ಬರೆದರೆ ಸುಳ್ಳಾಗುತ್ತದೆ. ನೀನು ಈಗಲೇ ಬರಬೇಡ. ಬಾ ಅನ್ನಿಸಿದಾಗ ನಾನೇ ಹೇಳುತ್ತೇನೆ.

ಹದಿಮೂರನೇ ದಿನ ಬೆಳಿಗ್ಗೆ ಚಹಾ ಕೊಡುವಾಗ ನಾನೇ ಬಾಯಿಬಿಟ್ಟೆ.

“ಅಪ್ಪಾ, ಆ ಕಾಗದದಲ್ಲಿ ಏನಂತ ಬರೆದಿತ್ತು?”

ಲೋಟ ಕೆಳಗಿಟ್ಟು ಎದ್ದು ನಿಂತರು. ಹರಿದು ಹಾಕಿದವರಿಗೆ ಏನು ನೆನಪಿರುತ್ತದೆ, ಸೀಟು ಸಿಕ್ಕಿತ್ತು ಅನ್ನುತ್ತಾರೆ, ಅಷ್ಟೇ ಎಂದುಕೊಂಡಿದ್ದೆ. ಗೋಡೆ ನೋಡುತ್ತಾ ಮೊದಲಿನಿಂದ ಹೇಳತೊಡಗಿದರು. “ಮಾನ್ಯರೇ. ನೀವು ಕಳಿಸಿದ ಮಾದರಿ ನಕ್ಷೆಯನ್ನು ಪರಿಶೀಲಿಸಲಾಯಿತು. ಗೆರೆಗಳು ಸ್ಪಷ್ಟವಾಗಿಯೂ ಅಳತೆ ನಿಖರವಾಗಿಯೂ ಇವೆ. ಈ ಸಾಲಿನ ಅಭ್ಯರ್ಥಿಗಳಲ್ಲಿ ನಿಮ್ಮನ್ನು ಮೊದಲನೆಯವರಾಗಿ ಆಯ್ಕೆ ಮಾಡಿದ್ದೇವೆ. ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಮೂಲ ಪ್ರಮಾಣಪತ್ರಗಳೊಂದಿಗೆ ಹಾಜರಾಗತಕ್ಕದ್ದು.” ಕೆಳಗಿನ ಸಹಿ ಯಾರದು, ಶಾಯಿ ಯಾವ ಬಣ್ಣದ್ದು, ಅದನ್ನೂ ಹೇಳಿದರು. ಎಲ್ಲೂ ತಡವರಿಸಲಿಲ್ಲ.

“ಗೆರೆ ಸ್ಪಷ್ಟವಾಗಿದೆ ಅಂತಾನೂ ಇತ್ತಾ?” ಎಂದೆ.

“ಇತ್ತಮ್ಮಾ.”

“ಮೊದಲನೆಯವಳು ಅಂತ?”

“ಇತ್ತು.”

ಕೆಲಸಕ್ಕೆ ಹೊತ್ತಾಗುತ್ತಿತ್ತು. ಚೀಲ ಹೆಗಲಿಗೆ ಹಾಕಿಕೊಂಡಿದ್ದವಳು ಕೆಳಗಿಟ್ಟು ಕುರ್ಚಿ ಎಳೆದುಕೊಂಡು ಕೂತೆ.

“ಇನ್ನೊಂದ್ಸಲ ಹೇಳಿ” ಎಂದೆ.

ಅಕ್ಕ